ಸಾವಲ್ಲ, ನೋವು

ಮೊನ್ನೆ ದುಬೈಯ ಕರಾಮದ ಬೇಕರಿಯೊಂದರಲ್ಲಿ ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು ಆಗಷ್ಟೇ ಬೆಂದು ಹೊರಬಂದಿತ್ತು. ಚೆರ್ರಿ ಬೀಜದ ಪುಡಿಯ ಆ ಘಮ ಮೂಗಿಗೆ ಬಡಿದದ್ದೇ ತಡ, ಅಂಥದ್ದನ್ನೇ ಮಾಡುತ್ತಿದ್ದ ನಮ್ಮ ಎದುರು ಫ್ಲಾಟಿನ ಅರ್ಮೇನಿಯನ್ ಅಜ್ಜಿ ನೆನಪಾದರು...

ಅವರ ತಂದೆ ನೂರು ವರ್ಷದ ಹಿಂದೆ ತುರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು, ಚಿಕ್ಕಂದಿನಲ್ಲೇ ಸಿರಿಯಾದ ಅಲೆಪ್ಪೊ ಸೇರಿದವರು. ಅಜ್ಜಿ ಹುಟ್ಟಿದ್ದು ಅಲ್ಲೇ. ಮುಪ್ಪಿನಲ್ಲಿ ಅಲ್ಲೂ ಯುದ್ಧ ಹೊತ್ತಿಕೊಂಡಾಗ ದುಬೈಯ ಮಗನ ಮನೆಗೆ ಬಂದರು. ಅವರು ಅರ್ಮೇನಿಯನ್‌ನಲ್ಲಿ ಏನು ಕೇಳಿದರೂ ಮೊಮ್ಮಗಳದು ಇಂಗ್ಲಿಷ್ ಉತ್ತರ. "ಊರು ಎರಡು ಸಲ ಹೋಯ್ತು. ಮಾತೂ ಹೋದ್ರೆ ಖಲಾಸ್," ಎಂದು ಹರಕು ಇಂಗ್ಲಿಷಿನಲ್ಲಿ ನನ್ನೆದುರು ಹಲುಬುತ್ತಿದ್ದರು.

ನನ್ನ ಬಾಣಂತನಕ್ಕೆ ಉಡುಪಿಯಿಂದ ಅಮ್ಮ ಬಂದಿದ್ದರು. ಮಗು ನೋಡಲು ಬಂದ ಅಜ್ಜಿ ಅದರ ಕೆನ್ನೆ ಸವರಿ, "ತ್ಸಾವ್ತ್ ದಾನಿಮ್," ಎಂದರು. ಅಮ್ಮ ಕೆಂಡವಾದರು.

"ಹಸುಗೂಸಿಗೆ ಸಾವು ದಾನ ಮಾಡ್ತಾರಂತೆ ಮಾರಾಯ್ತಿ. ಇನ್ನು ಒಳಗೆ ಸೇರಿಸ್ಬೇಡ ಇವರನ್ನ."

ಭಾಷೆ ತಿಳಿಯದಿದ್ದರೂ ಸಿಟ್ಟು ತಿಳಿಯಿತು. ಅಜ್ಜಿ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು.

ಸಂಜೆ ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡೇ ಬಂದಳು. ಅಮ್ಮನ ಕಿವಿಗೆ ಬಿದ್ದದ್ದೇನೆಂದು ನಾನು ವಿವರಿಸಿದೆ. ಅವಳು ನಗಲಿಲ್ಲ. ಆ ಪದಗಳನ್ನು ಬಿಡಿಸಿ ಬಿಡಿಸಿ ಹೇಳಿ, ಅರ್ಥ ತಿಳಿಸಿದಳು. ನಿನ್ನ ನೋವು ನನಗಿರಲಿ ಎಂದಂತೆ.

"ಅಯ್ಯೋ, ನಾವು ನೆಟಿಗೆ ಮುರಿಯೋದೂ ಇದಕ್ಕೇ ಅಲ್ವಾ," ಎಂದ ಅಮ್ಮ, ಅಜ್ಜಿಯ ಮುಖ ನಿವಾಳಿಸಿ, ತಮ್ಮ ಹಣೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದರು. ಗಾಬರಿಯಾದ ಅಜ್ಜಿಗೆ ಅದೇನೆಂದು, ನನ್ನಿಂದ ಕೇಳಿ ತಿಳಿದ ಹುಡುಗಿ ತಡವರಿಸುತ್ತಾ ಅರ್ಮೇನಿಯನ್‌ನಲ್ಲೇ ಹೇಳಿದಳು. ಮೊಮ್ಮಗಳ ಬಾಯಲ್ಲಿ ಅಷ್ಟು ಮಾತು ಅಜ್ಜಿ ಎಂದೂ ಕೇಳಿರಲಿಲ್ಲವಂತೆ. ಗಳಗಳನೆ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಆಮೇಲೆ ದಿನವೂ ಇಬ್ಬರ ಹರಟೆ. ಅಮ್ಮನ ಕನ್ನಡ ನನ್ನ ಬಾಯಲ್ಲಿ ಇಂಗ್ಲಿಷಾಗಿ, ಹುಡುಗಿಯ ಬಾಯಲ್ಲಿ ಅರ್ಮೇನಿಯನ್ ಆಗಿ ಅಜ್ಜಿಯನ್ನು ಮುಟ್ಟುತ್ತಿತ್ತು. ಸೊಸೆಯಂದಿರ ಮೇಲಿನ ದೂರು ಮೂರು ಭಾಷೆ ದಾಟಿದರೂ ಖಾರ ಕಡಿಮೆಯಾಗುತ್ತಿರಲಿಲ್ಲ. ವಿಸಿಟ್ ವೀಸಾ ಮುಗಿದು ಅಮ್ಮ ಊರಿಗೆ ಹೊರಟಾಗ ಹುಡುಗಿಯ ಅರ್ಮೇನಿಯನ್ ತಡವರಿಸುವ ಹಂತ ದಾಟಿತ್ತು...

ಈಗ ಅವಳು ಶಾರ್ಜಾದ ಇಗರ್ಜಿಯಲ್ಲಿ ಶನಿವಾರ ಪುಟ್ಟ ಮಕ್ಕಳಿಗೆ ಅರ್ಮೇನಿಯನ್ ಕಲಿಸುತ್ತಾಳೆ. ಕಳೆದ ವಾರ ನೋಡಲು ಹೋಗಿದ್ದೆ. ಒಂದು ಮಗು ಇಂಗ್ಲಿಷಿನಲ್ಲಿ ನೀರು ಕೇಳಿತು. ಟೀಚರಮ್ಮ ಕಿವುಡಿಯಂತೆ ಕೂತಿದ್ದಳು. ಮಗು ಮತ್ತೆ ಕೇಳಿತು. ಉಹುಂ. ಕೊನೆಗೆ ಗೊಣಗುತ್ತಾ ಅರ್ಮೇನಿಯನ್‌ನಲ್ಲಿ ಕೇಳಿದಾಗ ಇಡೀ ಬಾಟಲಿಯನ್ನೇ ಅದರ ಕೈಗಿತ್ತಳು.

ಅಜ್ಜಿ ಗೆದ್ದುಬಿಟ್ಟಿದ್ದರು. ಓಡಿಹೋಗಿ ಹೇಳೋಣವೆಂದರೆ ಅವರೇ ಇಲ್ಲ.