ಶ್ರಮ ವಿಭಜನೆ ಮತ್ತು ನಮ್ಮ ಮನೆ

ಹೆಂಡತಿ ಮನೆಯಲ್ಲಿಲ್ಲದಾಗ ನನ್ನ ಬುದ್ಧಿವಂತಿಕೆ ಸ್ವಲ್ಪ ಹೆಚ್ಚಾಗುತ್ತದೆ, ತಡೆಯುವವರು ಇರುವುದಿಲ್ಲವಲ್ಲ. ನಿಮಗೂ ಹೀಗಾಗುತ್ತದೋ ಏನೋ. ಸುಮಾ ತನ್ನ ಅಕ್ಕನ ಮಗಳ ಸೀಮಂತಕ್ಕೆಂದು ಮೈಸೂರಿಗೆ ಹೋಗಿದ್ದ ವಾರ, ಮಗಳು ಸಿರಿ ಪರೀಕ್ಷೆಗಾಗಿ ಅಮೆರಿಕದ ಆರ್ಥಿಕ ಇತಿಹಾಸ ಓದುತ್ತಿದ್ದಳು. ಕರೆಯದಿದ್ದರೂ ಹೋಗಿ ಪಕ್ಕದಲ್ಲಿ ಕುಳಿತೆ.

ಶ್ರಮ ವಿಭಜನೆಯ ಪಾಠ. ಅಮೆರಿಕದ ಕಾರ್ಖಾನೆಯಲ್ಲಿ ಕಾರು ತಾನೇ ತೆವಳುತ್ತಾ ಬರುತ್ತಿತ್ತಂತೆ; ಒಬ್ಬ ದಿನವಿಡೀ ನಟ್ಟು ಬಿಗಿಯುವುದು, ಪಕ್ಕದವನು ದಿನವಿಡೀ ಚಕ್ರ ಕೂರಿಸುವುದು. ಕಾರು ಅಗ್ಗವಾಯಿತು. ಆದರೆ ಕೆಲಸಗಾರರು ಬೇಸತ್ತು ಬಿಟ್ಟುಹೋಗತೊಡಗಿದರು, ಸಂಬಳ ಏರಿಸಿ ಹಿಡಿದಿಟ್ಟುಕೊಳ್ಳಬೇಕಾಯಿತು. ಕುವೈತಿನ ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಇಷ್ಟು ವರ್ಷ ಬರೀ ಪಂಪುಗಳನ್ನು ನೋಡಿಕೊಂಡಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಂಪಿನಾಚೆ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿದರೆ, ಅದು ಬೇರೆ ವಿಭಾಗ ಎಂದುಬಿಡುತ್ತೇನೆ.

"ನಮ್ಮನೇನೇ ತಗೋ," ಎಂದೆ ಉತ್ಸಾಹದಲ್ಲಿ. "ದುಡಿಯೋದು, ಡ್ರೈವಿಂಗು, ಎಲ್ರ ವೀಸಾ, ಇಕಾಮಾ ರಿನ್ಯೂ ಮಾಡ್ಸೋದು ನಾನು. ಮಿಕ್ಕಿದ್ದೆಲ್ಲ ಅಮ್ಮ. ಎಷ್ಟು ಸಲೀಸಾಗಿ ನಡೀತಿದೆ ನೋಡು!"

ಸಿರಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. "ಓ! ಸೋ ಐ ಆಮ್ ಅಮ್ಮಾಸ್ ಸೆಕ್ಷನ್."

ದನಿಯಲ್ಲಿ ಕೊಂಕೇನೂ ಇರಲಿಲ್ಲ; ಉದಾಹರಣೆ ಅರ್ಥವಾದ ಖುಷಿಯಿತ್ತು, ಅಷ್ಟೆ. ನನಗೆ ಮಾತ್ರ ಆಮೇಲೆ ಊಟ ರುಚಿಸಲಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿದವಳು, ಗೆಳತಿಯರ ಜಗಳದ ಕಥೆ ಕೇಳಿದವಳು ಸುಮಾ. ನಾನು ಶಾಲೆಯ ಗೇಟಿಗೆ ಬಿಟ್ಟವನು, ಗೇಟಿನಿಂದ ಕರೆತಂದವನು. ಹೀಗೆಂದು ಯಾರೂ ಕೂತು ತೀರ್ಮಾನಿಸಿರಲಿಲ್ಲ, ಅನುಕೂಲವಾಗಿತ್ತು, ನಡೆದುಹೋಯಿತು. ಈ ವರ್ಷ ಮುಗಿದರೆ ಅವಳು ಕಾಲೇಜಿಗೆಂದು ಕುವೈತ್ ಬಿಡುತ್ತಾಳೆ. ನೆನೆದು ಸಂಕಟವಾಯಿತು. ಸುಮಾಳ ಮೇಲೆ ಹೊಟ್ಟೆಕಿಚ್ಚೂ ಆಯಿತೆಂದರೆ ನಗಬೇಡಿ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಟಾಗ, ರಿಗ್ಗೈ ಬಡಾವಣೆ ದಾಟುವ ಮೊದಲೇ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಇಂಟರ್‌ವ್ಯೂಗೆ ಬಂದವನಂತೆ ಗಂಟಲು ಸರಿಮಾಡಿಕೊಂಡೆ.

"ಪುಟ್ಟಾ, ಕಾಲೇಜಿಗೆ ಅಷ್ಟು ದೂರ ಒಬ್ಳೇ ಹೋಗ್ತೀಯಲ್ಲ, ಭಯ ಆಗತ್ತಾ?"

ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನನ್ನೇ ನೋಡಿದಳು. ಆಮೇಲೆ ಪ್ರೀತಿಯಿಂದಲೇ ನನ್ನ ತೋಳು ತಟ್ಟಿದಳು.

"ತುಂಬಾ ಆಗಿತ್ತಪ್ಪಾ, ಲಾಸ್ಟ್ ಮಂತ್. ಅಮ್ಮನ ಹತ್ರ ಹೇಳ್ಕೊಂಡೆ. ಈಗ ಐ ಆಮ್ ಫೈನ್. ಡೋಂಟ್ ವರಿ."

ಅಂದರೆ ನನ್ನ ಮಗಳು ಹೆದರಿದ್ದಳು, ಅತ್ತೂ ಇದ್ದಳೋ ಏನೋ, ಸಮಾಧಾನವೂ ಆಗಿತ್ತು. ಎಲ್ಲ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲೇ ನಡೆದಿತ್ತು. ನಾನು ಆಗ ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತಾ, ಸದ್ದು ಮಾಡಬೇಡಿ ಎಂದಿದ್ದರೂ ಎಂದಿರಬಹುದು.