ಬಿ.ಎ. ವೈನಿ: ಒಂದು ತಿದ್ದುಪಡಿ

ಅವರ ಕಿವಿಯ ಹಾಲೆಗಳು ಉದ್ದವಾಗಿದ್ದವು. ಎಳೆಯ ವಯಸ್ಸಿನಲ್ಲಿ ತೊಡಿಸಿದ ಭಾರದ ಬೆಂಡೋಲೆಗಳು ತೂತನ್ನು ಹಿಗ್ಗಿಸಿ ಸೀಳಿನಂತೆ ಮಾಡಿದ್ದವು. ಮುಖದಲ್ಲಿ ಏನನ್ನೂ ತೋರಿಸದ ಹೆಂಗಸು. ಸಿಟ್ಟು, ಸಂತೋಷ, ಹೊಟ್ಟೆನೋವು ಎಲ್ಲಕ್ಕೂ ಒಂದೇ ಮುಖ. ಕಿವಿ ಮಾತ್ರ ಅವರ ಹತೋಟಿಯಲ್ಲಿ ಇರಲಿಲ್ಲ. ಯಾರಾದರೂ 'ಬಿ.ಎ. ವೈನಿ' ಎಂದು ಕರೆದರೆ ಹಾಲೆಗಳು ಕೆಂಪಾಗುತ್ತಿದ್ದವು. ನಾವೆಲ್ಲ ಅದನ್ನು ವಿನಯ ಎಂದುಕೊಂಡಿದ್ದೆವು.

ಧಾರವಾಡದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ. ಮೈಸೂರಿನವನಾದ ನಾನು ಅತ್ತಿಗೆ ಅನ್ನಬೇಕಿತ್ತು. ಆದರೆ ಕೋಲ್ಕತ್ತಾದ ಕನ್ನಡಿಗರ ಬಳಗದಲ್ಲಿ ಎಲ್ಲರಿಗೂ ಅವರು ವೈನಿಯೇ. ಅವರ ಯಜಮಾನರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಿಂದೆ ಅವರ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಟ್ಟಿಗೆ ಮೂವರು ವೈನಿಯರು ಇದ್ದರಂತೆ: ದೊಡ್ಡ ವೈನಿ, ಹುಬ್ಬಳ್ಳಿ ವೈನಿ, ಮೂರನೆಯವರು ಇವರು. ಇವರ ಲಗ್ನಪತ್ರಿಕೆಯನ್ನು ಯಾರೋ ನೋಡಿದ್ದರು. ವಧುವಿನ ಹೆಸರಿನ ಮುಂದೆ ಅಚ್ಚಾಗಿದ್ದ ಎರಡು ಅಕ್ಷರ ಅಂದಿನಿಂದ ಅವರ ಹೆಸರೇ ಆಯಿತು. ಬಾಕಿ ಇಬ್ಬರು ವೈನಿಯರು ವರ್ಗವಾಗಿ ಹೋದರು. ಗುರುತು ಹಿಡಿಯಲು ಬೇರೆ ಹೆಸರಿನ ಅಗತ್ಯವೇ ಇಲ್ಲದಾದ ಮೇಲೂ 'ಬಿ.ಎ.' ಉಳಿಯಿತು.

ನಾನು ದಕ್ಷಿಣೇಶ್ವರದಲ್ಲಿ ಅವರ ಎದುರು ಫ್ಲ್ಯಾಟಿಗೆ ಬಂದಾಗ ಅವರಿಗೆ ಅರವತ್ತು ದಾಟಿತ್ತು. ನನಗೆ ಇಲ್ಲಿಯ ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ. ಮಧ್ಯಾಹ್ನದ ಮೇಲೆ ಆಫೀಸು, ಬೆಳಿಗ್ಗೆ ಬಿಡುವು. ಬಂದ ವಾರವೇ ವೈನಿ ಒಂದು ಬಟ್ಟಲು ಹಿಡಿದು ಬಾಗಿಲಿಗೆ ಬಂದರು.

"ಖರೇ ಹೇಳ್ಲೇನು ತಮ್ಮಾ? ಇದು ಬದನಿಕಾಯಿ ಎಣಗಾಯಿ ಅಲ್ಲ. ಇಲ್ಲೀವ್ರ ಪೊಟೋಲ್ ಕಾಯಿ. ಬದನಿಕಾಯಿ ಅಂತ ತಿಳಕೊಂಡು ತಿನ್ನು, ನಡೀತದ."

'ಖರೇ ಹೇಳ್ಲೇನು?' ಅವರ ಪ್ರತಿ ಮಾತಿನ ಮುನ್ನುಡಿ. ಖರೇ ಹೇಳ್ಲೇನು, ಹಾಲು ಒಡದದ. ಖರೇ ಹೇಳ್ಲೇನು, ಈ ಅಂಗಿ ನಿಂಗ ಒಪ್ಪಂಗಿಲ್ಲ. ಮೆಟ್ರೋ ನಿಲ್ದಾಣದ ಕೆಳಗೆ ಮಾರುವ ಖಾರದ ಮಂಡಕ್ಕಿ ಝಾಲ್‌ಮುಡಿಗೆ ಅವರು ಇಟ್ಟ ಹೆಸರು 'ಬಡವರ ಗಿರಮಿಟ್'. ಅಂಗಡಿಯವನ ಎದುರಿಗೇ ಕನ್ನಡದಲ್ಲಿ ಹಾಗೆಂದು, ನಂತರ ಬಂಗಾಳಿಯಲ್ಲಿ ಅವನ ಕೈರುಚಿಯನ್ನು ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಫೋನ್ ಹಿಡಿದು ಬಂದವರು ಕುಳಿತುಕೊಳ್ಳಲಿಲ್ಲ. ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯವೊಂದು ಆನ್‌ಲೈನಿನಲ್ಲಿ ಕನ್ನಡ ಮಾಧ್ಯಮದ ಪದವಿ ತರಗತಿ ನಡೆಸುತ್ತಿತ್ತು. ಅದಕ್ಕೆ ಸೇರಬೇಕು, ಅರ್ಜಿಯನ್ನು ನಾನು ತುಂಬಿಕೊಡಬೇಕು. ಸೇರುವುದು ಎಂ.ಎ.ಗೆ ಇರಬೇಕೆಂದುಕೊಂಡು, ವಿದ್ಯಾರ್ಹತೆಯ ಜಾಗದಲ್ಲಿ ಕೇಳದೆಯೇ ಬಿ.ಎ. ಎಂದು ಒತ್ತಿದೆ.

"ಅದನ್ನ ಅಳಸು," ಎಂದರು. "ಪಿ.ಯು.ಸಿ. ಹಾಕು."

ನಾನು ತಲೆಯೆತ್ತಿದೆ. ಯಾರೂ ಕರೆಯದೆಯೇ ಅವರ ಕಿವಿ ಕೆಂಪಾಗಿತ್ತು.

ಹೇಳಿದ್ದು ಇಷ್ಟು. ಬಿ.ಎ. ಕೊನೆಯ ವರ್ಷದ ಪರೀಕ್ಷೆ ಬರೆದ ಬೆನ್ನಿಗೇ ಮದುವೆ ಗೊತ್ತಾಯಿತು. ಪಾಸಾಗುವುದು ಖಚಿತವೆಂದು ಅಪ್ಪ ಲಗ್ನಪತ್ರಿಕೆಯಲ್ಲಿ 'ಬಿ.ಎ.' ಹಾಕಿಸಿದರು. ಫಲಿತಾಂಶ ಬರುವ ಹೊತ್ತಿಗೆ ಇವರು ಗಂಡನ ಮನೆಯಲ್ಲಿದ್ದರು. ಆಗ ಪಾಸಾದವರ ನಂಬರುಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಇವರ ನಂಬರು ಇರಲಿಲ್ಲ. ಇತಿಹಾಸದಲ್ಲಿ ಹೋಗಿತ್ತು. ಮತ್ತೆ ಪರೀಕ್ಷೆಗೆ ಕಟ್ಟುತ್ತೇನೆಂದರೆ ಫೇಲಾದದ್ದನ್ನು ಹೇಳಬೇಕು. ಹೇಳಲಿಲ್ಲ. ಆ ಹಳೆಯ ಅಂಕಗಳಿಗೆ ಈಗ ಬೆಲೆಯಿಲ್ಲ. ಮೊದಲ ಸೆಮಿಸ್ಟರಿನಿಂದಲೇ, ಇತಿಹಾಸ ಪರಿಚಯದಿಂದಲೇ ಶುರುಮಾಡಬೇಕು.

"ಪೇಪರ್ ಅಂದ್ರ ನಂಗ ಇನ್ನೂ ಎದಿ ಝಲ್ ಅಂತದ," ಎಂದರು. "ನೀ ಪೇಪರ್‌ನಾಂವ ಅಂತ ಗೊತ್ತಾದಾಗ ಖರೇ ಹೇಳ್ಲೇನು, ಬಾಗಲಾ ಹಾಕ್ಕೊಳ್ಳೂಣು ಅನಿಸಿತ್ತು."

"ಅಣ್ಣನಿಗೆ?" ಎಂದು ಕೇಳಿದೆ. ಅವರ ಯಜಮಾನರನ್ನು ನಾನು ಹಾಗೆ ಕರೆಯುತ್ತಿದ್ದೆ.

"ಅವ್ರಿಗೆ ಪ್ರವಚನ ಕೇಳ್ತೀನಿ ಅಂತ ಹೇಳೀನಿ."

ಶನಿವಾರ, ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ತರಗತಿ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುವುದು, ಕ್ಯಾಮೆರಾ ತೆರೆಯುವುದು ನನ್ನ ಪಾಲಿನ ಕೆಲಸ. ಗಂಗೆಯ ಸೇತುವೆಯ ಮೇಲೆ ರೈಲು ಬಂದಾಗ ವೈನಿ ಮೈಕು ಬಂದ್ ಮಾಡಬೇಕು. ದೇವಸ್ಥಾನದ ಗಂಟೆಗೂ ಹಾಗೆಯೇ. ಅಣ್ಣ ಬಾಲ್ಕನಿಯಲ್ಲಿ ಪತ್ರಿಕೆ ಓದುತ್ತಿದ್ದರು. ತರಗತಿಯ ಹೊತ್ತಿನಲ್ಲಿ ಅವರು ಆ ಕೋಣೆಗೆ ಒಮ್ಮೆಯೂ ಬಂದದ್ದಿಲ್ಲ.

ಮೊದಲ ದಿನವೇ ತಪ್ಪು ಆಗಿಹೋಯಿತು. ಪಾಠ ಮಾಡುವ ಮೇಡಂ ಚಿಕ್ಕ ವಯಸ್ಸಿನವರು. ಪರದೆಯ ಮೇಲೆ ಹದಿಹರೆಯದ ಮುಖಗಳ ನಡುವೆ ಇವರ ಮುಖ ಕಂಡು, "ಅಮ್ಮಾ, ಮೊಮ್ಮಗಳನ್ನ ಕೂರಿಸ್ತೀರಾ? ಹಾಜರಿ ತಗೋಬೇಕು," ಎಂದರು.

ವೈನಿ ಒಂದು ಕ್ಷಣ ನನ್ನ ಕಡೆ ನೋಡಿದರು. ನಂತರ ಪರದೆಗೆ ಹೇಳಿದರು: "ಜಳಕಕ್ಕ ಹೋಗ್ಯಾಳ್ರಿ. ಅಲ್ಲೀತನಕ ನಾ ಬರಕೋತೀನ್ರಿ."

ಅವರಿಗೆ ಮೊಮ್ಮಗಳಿರಲಿಲ್ಲ. ಮಕ್ಕಳೂ ಇರಲಿಲ್ಲ.

ಮುಂದಿನ ವಾರ ಆ ಮೊಮ್ಮಗಳಿಗೆ ಜ್ವರ ಬಂತು. ಅದರ ಮುಂದಿನ ವಾರ ಸರಸ್ವತಿ ಪೂಜೆಯ ಪೆಂಡಾಲಿನಲ್ಲಿ ಡಾನ್ಸ್ ಪ್ರಾಕ್ಟೀಸ್. ಹುಡುಗರು ಚಾಟಿನಲ್ಲಿ 'ನಮಸ್ತೆ ಅಜ್ಜಿ' ಎಂದು ಬರೆಯತೊಡಗಿದರು. ಒಬ್ಬ, 'ಅಜ್ಜಿ, ನೋಟ್ಸ್ ನಮಗೂ ಕಳಿಸಿ' ಎಂದ. ಫೋನ್ ಮುಚ್ಚಿದ ಮೇಲೆ ನಾವಿಬ್ಬರೂ ನಗುತ್ತಿದ್ದೆವು. ವೈನಿ ಬೇಗ ನಗು ನಿಲ್ಲಿಸುತ್ತಿದ್ದರು.

"ಒಂದು ಸುಳ್ಳು ತೊಳೀಲಿಕ್ಕೆ ಬಂದು ಇನ್ನೊಂದು ಮೈಗೆ ಬಡಕೊಂಡೆ ನೋಡು."

ಕೊನೆಗೆ ಮೇಡಂ ಗಟ್ಟಿಯಾಗಿಯೇ ಹೇಳಿದರು. "ಅಮ್ಮಾ, ನೀವು ಇಷ್ಟು ಶ್ರದ್ಧೆಯಿಂದ ಕೂರ್ತೀರ, ಬೇಜಾರಾಗುತ್ತೆ ಹೇಳೋಕೆ. ಆದ್ರೆ ಅವಳೇ ಬರದೇ ಇದ್ರೆ ಹಾಜರಿ ಕೊಡೋಕಾಗಲ್ಲ. ಹಾಜರಿ ಇಲ್ದೆ ಪರೀಕ್ಷೆಗೆ ಕೂರಿಸಲ್ಲ."

"ಹೇಳಿಬಿಡಿ ವೈನಿ," ಎಂದೆ ನಾನು, ಆ ದಿನ ಪಾಠ ಮುಗಿದ ಮೇಲೆ. "ಬೇಕಾದರೆ ನಾನೇ ಒಂದು ಮೇಲ್ ಹಾಕ್ತೀನಿ."

"ನೀ ಬರದ್ರ ಅದು ನಿನ್ನ ಮಾತು ಆಗ್ತದ. ಬ್ಯಾಡ."

ಆ ವಾರದ ಪಾಠ ಇತಿಹಾಸದ ಆಕರಗಳ ಮೇಲೆ ಇತ್ತು. ಶಾಸನ, ನಾಣ್ಯ, ಕಾಗದ. ಮೇಡಂ ಹೇಳಿದ ಒಂದು ಮಾತನ್ನು ನಾನೂ ಗುರುತು ಹಾಕಿಕೊಂಡೆ, ನನ್ನ ಕಸುಬಿಗೂ ಸಲ್ಲುವುದೆಂದು: "ಕಲ್ಲು ಅಸಲಿ ಇರಬಹುದು, ಅದರ ಮೇಲಿನ ಮಾತು ಅಸಲಿ ಅಂತ ಏನಿಲ್ಲ." ಮುಂದಿನ ತರಗತಿಗೆ ಎಲ್ಲರೂ ಮನೆಯಲ್ಲಿರುವ ಹಳೆಯ ಅಚ್ಚಿನ ಕಾಗದವೊಂದನ್ನು ತಂದು ಅದಕ್ಕೆ ಮೂರು ಪ್ರಶ್ನೆ ಹಾಕಬೇಕು. ಯಾರು ಬರೆಸಿದ್ದು? ಯಾರು ಓದಲೆಂದು ಬರೆಸಿದ್ದು? ಬರೆಸುವಾಗ ಅವರಿಗೆ ಏನು ಗೊತ್ತಿರಲಿಲ್ಲ?

ಮುಂದಿನ ಶನಿವಾರ ಹುಡುಗರು ಸಿನಿಮಾ ಟಿಕೆಟ್ಟು, ಅಜ್ಜನ ಕಾಲದ ಪಂಚಾಂಗ, ಬಸ್ ಪಾಸು ತೋರಿಸಿದರು. ವೈನಿಯ ಹೆಸರು ಬಂತು.

"ಮೊಮ್ಮಗಳು ಇವತ್ತೂ ಇಲ್ವಾ ಅಮ್ಮಾ?"

ವೈನಿ ಸೆರಗಿನಡಿಯಿಂದ ಹಳದಿ ಬಣ್ಣ ಮಾಸಿದ ಪತ್ರಿಕೆ ತೆಗೆದು ಕ್ಯಾಮೆರಾದ ಮುಂದೆ ಹಿಡಿದರು. ತೀರ ಹತ್ತಿರ ಹಿಡಿದದ್ದರಿಂದ ಅಕ್ಷರ ಮಸುಕಾಗಿತ್ತು. ನಾನು ಹಿಡಿಯಲು ಹೋದೆ. ಮೊಣಕೈಯಿಂದ ತಳ್ಳಿ ತಾವೇ ಹಿಂದೆ ಸರಿಸಿದರು.

"ಇದು ಲಗ್ನಪತ್ರಿಕಾ ರೀ. ಬರಸಿದಾಂವ ನಮ್ಮಪ್ಪ. ಓದಬೇಕಾದವ್ರು ಬೀಗರು. ಬರಸೂ ಮುಂದ ಅವಗ ಗೊತ್ತಿರಲಾರದ್ದು, ಮಗಳು ಇತಿಹಾಸದಾಗ ಫೇಲ್ ಆಗ್ತಾಳಂತ. ಈ ಎರಡಕ್ಷರ ಅದಾವಲ್ರಿ, ಇವು ಸುಳ್ಳು."

ಮೇಡಂ ಪತ್ರಿಕೆಯನ್ನು ಓದುತ್ತಿರುವುದು ಕಾಣುತ್ತಿತ್ತು. ವಧುವಿನ ಹೆಸರು ಹಾಜರಿ ಪಟ್ಟಿಯ ಹೆಸರೇ.

"ಅಮ್ಮಾ, ಈ ವಧು..."

"ನಾನೇ ರೀ. ಮೊಮ್ಮಗಳು ಯಾರೂ ಇಲ್ಲ. ಜಳಕಕ್ಕ ಹೋದಾಕಿನೂ ನಾನೇ."

ಸೇತುವೆಯ ಮೇಲೆ ರೈಲು ಬಂತು. ವೈನಿ ಮೈಕು ಬಂದ್ ಮಾಡಲು ಮರೆತಿದ್ದರು. ರೈಲು ದಾಟುವವರೆಗೂ ಇಡೀ ತರಗತಿ ಆ ಸದ್ದು ಕೇಳುತ್ತ ಕುಳಿತಿತ್ತು. ಆಮೇಲೆ ಮೇಡಂ, "ಹಾಜರಿ ಹಾಕ್ಕೊಂಡಿದೀನಿ," ಎಂದರು. "ಮೊದಲ ದಿನದಿಂದ."

ಫೋನ್ ಮುಚ್ಚಿ ತಿರುಗಿದರೆ ಅಣ್ಣ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು. ಪತ್ರಿಕೆ ಕಂಕುಳಲ್ಲಿತ್ತು.

"ಕೇಳಿಸ್ತೇನ್ರಿ?" ಎಂದರು ವೈನಿ.

"ಕೇಳಿಸ್ತು. ಪ್ರವಚನದಾಗ ಯಾರರೆ ಹಾಜರಿ ತಗೋತಾರೇನು?"

"ಮತ್ತ?"

"ಮತ್ತೇನು. ಆವತ್ತಿನ ಪೇಪರ್‌ನ್ಯಾಗ ನಿನ್ನ ನಂಬರ್ ನಾನೂ ಹುಡುಕಿದ್ದೆ."

ವೈನಿ ಲಗ್ನಪತ್ರಿಕೆಯನ್ನು ಮಡಚಿದರು. "ಇಷ್ಟು ವರ್ಷ ಸುಮ್ಮನಿದ್ರಲ್ಲ."

"ನೀ ಹೇಳ್ತಿ ಅಂತ ಸುಮ್ಮನಿದ್ದೆ."

"ಕೇಳಿದ್ರ ಹೇಳ್ತಿದ್ದೆ."

"ಎಲ್ಲಾರೂ ಬಿ.ಎ. ಬಿ.ಎ. ಅಂತಿದ್ರು. ನಾ ಒಮ್ಮೆರೆ ಅಂದೀನೇನು?"

ಇಲ್ಲ. ಅಂದಿರಲಿಲ್ಲ. ಬಳಗದ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಆ ಹೆಸರು ಇದ್ದಾಗ ಅವರು ಮಾತ್ರ 'ನಮ್ಮಾಕಿ' ಎನ್ನುತ್ತಿದ್ದರು. ಯಾರು ಏನು ಹೇಳಿದರು ಎಂದು ಗಮನಿಸುವುದೇ ಕೆಲಸವಾದ ನಾನು ಅದನ್ನು ಗಮನಿಸಿರಲಿಲ್ಲ. ವೈನಿ ಅಡುಗೆಮನೆಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ನಾಚಿಕೆ ಕಡಿಮೆಯಾಗಿರಬಹುದೆಂದು ನಾನು ಎಣಿಸಿದ್ದೆ. ಹೆಚ್ಚಾಗಿತ್ತು.

"ಗೊತ್ತಿಲ್ಲದವ್ರ ಮುಂದ ಸುಳ್ಳಾಗಿ ಇರೂದು ಒಂದು," ಎಂದರು, ಕೆಲವು ದಿನಗಳ ನಂತರ. "ಗೊತ್ತಿದ್ದ ಮನಷ್ಯಾನ ಮುಂದ ದಿನಾ ಊಟದ ತಾಟು ಹಾಕೂದು, ಅದು ಬ್ಯಾರೆ."

ಪರೀಕ್ಷೆ ಬರೆದರು. ಫಲಿತಾಂಶ ಬಂದ ದಿನ ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ಅಂಕಗಳು ಪಾಸಾಗಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಓದಿ ಹೇಳಿದೆ.

"ಪೇಪರ್‌ನ್ಯಾಗ ಬರೂದಿಲ್ಲೇನು?"

"ಈಗ ಬರಲ್ಲ ವೈನಿ. ಅದೆಲ್ಲ ನಿಂತುಹೋಯ್ತು."

"ನಾ ಪಾಸಾಗೂ ಹೊತ್ತಿಗೆ ನಿಲ್ಲಲಿಕ್ಕೇ ಕಾದಿತ್ತು ನೋಡು," ಎಂದರು.

ಆ ವರ್ಷದ ರಾಜ್ಯೋತ್ಸವದ ಕೂಟದಲ್ಲಿ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ನನಗೆ ಮೊದಲೇ ತಿಳಿಸಿದ್ದರು. ಹಿರಿಯರಿಗೆ ಶಾಲು ಹೊದಿಸುವ ಹೊತ್ತು. ಕಾರ್ಯದರ್ಶಿ, ಬೆಂಗಳೂರಿನಿಂದ ಬಂದ ಐ.ಟಿ. ಹುಡುಗ, "ಈಗ ನಮ್ಮೆಲ್ಲರ ಪ್ರೀತಿಯ ಬಿ.ಎ. ವೈನಿ," ಎಂದು ಕರೆದ. ಚಪ್ಪಾಳೆ. ವೈನಿ ಮೈಕಿನ ಮುಂದೆ ನಿಂತರು. ಎರಡನೇ ಸಾಲಿನಲ್ಲಿದ್ದ ನನಗೆ ಅವರ ಕಿವಿ ಕೆಂಪಾದದ್ದು ಕಾಣುತ್ತಿತ್ತು. "ಖರೇ ಹೇಳ್ಲೇನು?" ಎಂದರು. ಜನ ನಕ್ಕರು, ಆ ಮಾತು ಎಲ್ಲರಿಗೂ ಗೊತ್ತು. ವೈನಿ ಆ ನಗು ನಿಲ್ಲುವವರೆಗೆ ಕಾದರು. "ಊಟ ಆರಲಿಕತ್ತದ. ಎಲ್ಲಾರೂ ಏಳ್ರಿ," ಎಂದು ಕೆಳಗಿಳಿದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವರೇ ಮಾತು ತೆಗೆದರು. "ಅಲ್ಲಿ ಪರದೆ ಮ್ಯಾಲಿನ ಹುಡುಗ್ರು. ಇಲ್ಲಿ ನನ್ನ ಕೈಯಾಗ ಉಂಡ ಮಂದಿ. ಆಗಲಿಲ್ಲ ತಮ್ಮಾ." ಆಮೇಲೆ ಕೇಳಿದರು, "ನಿಮ್ಮ ಪೇಪರ್‌ನ್ಯಾಗ ತಪ್ಪಾದ್ರ ಮರುದಿನ ಸಣ್ಣ ಅಕ್ಷರದಾಗ ಹಾಕ್ತೀರಲ್ಲ, ಮೂಲ್ಯಾಗ?"

"ತಿದ್ದುಪಡಿ."

"ಹೂಂ. ನಾ ಹೋದಮ್ಯಾಲ ನಂದೊಂದು ಹಾಕು. ದೊಡ್ಡದು ಬ್ಯಾಡ."

ಆ ಚಳಿಗಾಲದಲ್ಲಿಯೇ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಎರಡನೇ ಸೆಮಿಸ್ಟರಿನ ಪುಸ್ತಕಗಳು ಸಕ್ಕರೆ ಡಬ್ಬಿಯ ಪಕ್ಕದಲ್ಲಿಯೇ ಇದ್ದವು.

ಬಳಗದ ವಾಟ್ಸಾಪ್ ಗುಂಪಿಗೆ ಶ್ರದ್ಧಾಂಜಲಿ ಸೂಚನೆ ಬರೆದುಕೊಡಲು ಕಾರ್ಯದರ್ಶಿ ನನ್ನನ್ನೇ ಕೇಳಿದ. ಬರೆದುಕೊಟ್ಟೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಸಾರ್, ಪದವೀಧರೆ ಅನ್ನೋದೇ ಬಿಟ್ಟುಹೋಗಿದೆ. ನೀವೇ ಪೇಪರ್‌ನವರು ಹೀಗೆ ಮರೆತ್ರೆ ಹೇಗೆ? ನಾನು ಬಿ.ಎ. ಸೇರಿಸಿ ಹಾಕ್ಲಾ?"

ಚಿತಾಗಾರದ ಹೊರಗೆ ನಿಂತಿದ್ದೆ. ಹತ್ತು ಹೆಜ್ಜೆ ಆಚೆ ಅಣ್ಣ ಬೆಂಚಿನ ಮೇಲೆ ಕುಳಿತಿದ್ದರು. ವಿವರಿಸಲು ಒಂದೆರಡು ವಾಕ್ಯ ಸಾಕಿತ್ತು. ಸಾವಿನ ಹೊತ್ತಿನಲ್ಲಿ ಅದು ಚಾಡಿಯಂತೆ ಕೇಳಿಸುತ್ತದೆ ಎಂದುಕೊಂಡೆ. "ಸರಿ," ಎಂದೆ. ಸೂಚನೆ ಹೋಯಿತು. ಸಂಜೆಯ ಹೊತ್ತಿಗೆ ಧಾರವಾಡದಿಂದ ನನಗೇ ಅದು ವಾಪಸು ಬಂತು, 'ಬಿ.ಎ.' ದಪ್ಪ ಅಕ್ಷರದಲ್ಲಿ. ವೈನಿಗೆ ತಮ್ಮ ಬಗ್ಗೆ ಹೇಳಲಾಗದೆ ಹೋದದ್ದು ನನಗೆ ಅರ್ಥವಾಗುತ್ತದೆ. ನನ್ನ 'ಸರಿ' ಅರ್ಥವಾಗುವುದಿಲ್ಲ.

ಅವರು ಹೇಳಿದಷ್ಟು ಸಣ್ಣದಾಗಿ ಬರೆಯಲು ನನ್ನಿಂದ ಆಗಿಲ್ಲ. ಅದಕ್ಕೆ ವೈನಿ ಕ್ಷಮಿಸಬೇಕು. ತಿದ್ದುಪಡಿಯನ್ನು ಮೊದಲು ಅಣ್ಣನಿಗೆ ಓದಿ ಹೇಳಿದೆ. ಪದವೀಧರೆಯಲ್ಲ ಎಂಬುದರಿಂದ ಶುರುವಾಗಿ 'ವಿಷಾದಿಸುತ್ತೇವೆ' ಎಂದು ಮುಗಿಯುತ್ತಿತ್ತು. ನಮ್ಮ ಪತ್ರಿಕೆಯ ಕ್ರಮ ಅದು. ಅಣ್ಣ ಕಣ್ಣು ಮುಚ್ಚಿ ಕೇಳಿದರು.

"ಪಾಸಾಗಿದ್ದು ಮೊದಲ ಹಾಕ್ರಿ," ಎಂದರು. "ಉಳದದ್ದು ಆಮ್ಯಾಲ."

ತಿದ್ದುಪಡಿ: ನಮ್ಮ ಬಳಗದ ಹಿರಿಯರಾಗಿದ್ದ ವೈನಿ ಇತಿಹಾಸ ಪರಿಚಯ ಪತ್ರಿಕೆಯಲ್ಲಿ ಉತ್ತೀರ್ಣರಾಗಿದ್ದರು. ಶ್ರದ್ಧಾಂಜಲಿ ಸೂಚನೆಯಲ್ಲಿ ಅವರ ಹೆಸರಿನ ಮುಂದೆ ಬಿ.ಎ. ಎಂದು ಇತ್ತು. ಅದು ತಪ್ಪು. ತಪ್ಪು ಅವರದಲ್ಲ.