ಉಲ್ಟಾ ತಿರುಪು

ಸೈಕಲ್ಲಿನ ಎರಡು ಪೆಡಲ್ಲುಗಳ ನಡುವೆ, ಚೌಕಟ್ಟಿನ ಕೊಳವೆಗಳೆಲ್ಲ ಬಂದು ಕೂಡುವ ತಳದಲ್ಲಿ, ಅಡ್ಡಲಾಗಿ ಕೂತ ಒಂದು ಗಿಡ್ಡ ಡಬ್ಬಿಯಂಥ ಭಾಗವಿದೆ. ನೀವು ವರ್ಷಗಟ್ಟಲೆ ಸೈಕಲ್ ತುಳಿದಿದ್ದರೂ ಅದರೊಳಗೆ ಏನಿದೆಯೆಂದು ಇಣುಕಿ ನೋಡಿರಲಾರಿರಿ; ನಾನೂ ನೋಡಿರಲಿಲ್ಲ. ಒಂದು ಅಚ್ಚು, ಅದರ ಎರಡೂ ತುದಿಗೆ ಒಂದೊಂದು ಉಕ್ಕಿನ ಕಪ್ಪು, ಕಪ್ಪಿನೊಳಗೆ ಗ್ರೀಸಿನಲ್ಲಿ ಮುಳುಗಿ ಕೂತ ಗುಂಡುಗಳು, ಇಷ್ಟೇ. ತುಳಿಯುವ ಕಾಲಿನ ಬಲವನ್ನೆಲ್ಲ ತಾಳಿಕೊಂಡು ತಿರುಗುವುದು ಇದೇ ಆದರೂ, ಗಂಟೆಗೆ, ಸೀಟಿಗೆ, ಹ್ಯಾಂಡಲ್ಲಿಗೆ ಸಿಗುವ ಆರೈಕೆ ಇದಕ್ಕಿಲ್ಲ. ಕಣ್ಣಿಗೆ ಬೀಳದ್ದು ಕೆಟ್ಟು ನಿಂತಾಗಲೇ ನೆನಪಾಗುತ್ತದೆ; ದೇಹದ ವಿಷಯದಲ್ಲೂ ನಾವು ಹೀಗೆಯೇ ಬದುಕಿರುತ್ತೇವೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಂಪಗಾಂವದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನನ್ನ ಗಂಡ ಮೌಲಾಸಾಬ ಬೈಲಹೊಂಗಲದ ಬಜಾರದಲ್ಲಿ ಟೇಲರ್. ಕೈಗಿಂತ ಬಾಯಿ ಮುಂದೆ ಓಡುವ ಮನುಷ್ಯ. ಅಂಗಿಯ ಅಳತೆ ಕೊಡಲು ಬಂದವರು ಚಹಾ ಕುಡಿದು ಹರಟೆ ಹೊಡೆದೇ ಏಳುತ್ತಿದ್ದರು. ಒಂದು ಮುಂಜಾನೆ ಕಾಲರಿನ ಬಟ್ಟೆ ಕತ್ತರಿಸುತ್ತಿದ್ದವರ ಕೈಯಿಂದ ಕತ್ತರಿ ಜಾರಿತು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಒಟ್ಟಿಗೇ ಹೋದವು.

ಬೆಳಗಾವಿಯ ಡಾಕ್ಟರು, ಕಾಲಿಗೆ ಕೆಲಸ ಕೊಡಬೇಕೆಂದರು. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೂಡಿಸಿರಿ, ಅಚ್ಚು ಒಂದೇ ಆದ್ದರಿಂದ ಎಡಗಾಲು ತುಳಿದರೆ ಬಲಗಾಲೂ ಅದರ ಜೊತೆಗೆ ತಿರುಗುತ್ತದೆ ಎಂದರು. ಆದರೆ ಇವರು ಗೋಡೆಗೆ ಮುಖ ಮಾಡಿ ಮಲಗಿದವರು ಮಲಗಿಯೇ ಇದ್ದರು. ಊಟದ ತಾಟು ಮುಂದಿಟ್ಟರೆ ಉಣ್ಣುವರು, ಎಬ್ಬಿಸಿ ನಿಲ್ಲಿಸಲು ಹೋದರೆ ಮೈ ಭಾರ ಬಿಟ್ಟು ಕುಸಿಯುವರು. ಸಾವಿಗಿಂತಲೂ ನನಗೆ ಆ ಒಲ್ಲದ ಬೆನ್ನಿನ ಭಯವೇ ಹೆಚ್ಚಾಗಿತ್ತು. ಅತ್ತ ಇವರ ಸೈಕಲ್ಲು ಇಡೀ ಮಳೆಗಾಲ ಸೂರಿನ ನೀರಿಗೆ ನೆನೆದು, ಪೆಡಲ್ಲು ಕದಲದಂತೆ ತುಕ್ಕು ಹಿಡಿದಿತ್ತು.

ಸೈಕಲ್ ಅಂಗಡಿಯ ಈರಪ್ಪ ಇವರ ಹಳೆಯ ಗೆಳೆಯ. ಪ್ರತಿವರ್ಷ ಮಳೆ ಮುಗಿದ ಮೇಲೆ ಇಬ್ಬರೂ ಕೂತು ಈ ಸೈಕಲ್ಲನ್ನು ಬಿಚ್ಚಿ, ತೊಳೆದು, ಜೋಡಿಸುತ್ತಿದ್ದರು. ಅವನಿಗೆ ಹೇಳಿಕಳಿಸಿದೆ. ಬಂದು, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದ.

"ನಡುವಿನ ಅಚ್ಚು ಹಿಡಕೊಂಡೈತ್ರಿ ಅಕ್ಕಾರ. ಗುಂಡು ಸವದಿರಬೇಕು."

"ಅಂಗಡಿಗೆ ಕಳಸ್ಲೇನಪಾ?"

"ಬ್ಯಾಡ್ರಿ. ಇಲ್ಲೇ, ಅವನ ಮುಂದನ ಬಿಚ್ಚತೇನಿ."

ಮರುದಿನ ಸಂಜೆ ಸಾಮಾನಿನ ಚೀಲ ಹೊತ್ತು ಬಂದವನು ಸೈಕಲ್ಲನ್ನು ಪಡಸಾಲೆಯೊಳಕ್ಕೇ ತಂದು, ಇವರ ಮಂಚದ ಎದುರು ಅಡ್ಡ ಹಾಕಿದ. "ಮೌಲಾ, ನಿನ್ನ ಗಾಡಿ ಬಿಚ್ಚಾಕ ಬಂದೇನಿ" ಎಂದ. ಗೋಡೆಯತ್ತಲಿನ ಮುಖ ತಿರುಗಲಿಲ್ಲ. ಈರಪ್ಪ ಪಿನ್ನುಗಳನ್ನು ಬಡಿದು ಹೊರತೆಗೆದ, ಪೆಡಲ್ಲಿನ ಕೋಲುಗಳನ್ನು ಕಳಚಿದ. ಎಡಗಡೆಯ ಕಪ್ಪು ಸ್ವಲ್ಪ ಸೀಮೆಎಣ್ಣೆ ಕುಡಿದು ಬಿಟ್ಟುಕೊಂಡಿತು. ಕೆಂಪು ತುಕ್ಕುನೀರು ಹಳೆಯ ಪೇಪರಿನ ಮೇಲೆ ಹರಿಯಿತು. ಬಲಗಡೆಯ ಕಪ್ಪಿಗೆ ಪಾನಾ ಹಾಕಿ ಅದೇ ರೀತಿ ತಿರುಗಿಸತೊಡಗಿದ. ಅದು ಮಿಸುಕಲಿಲ್ಲ. ಪಾನಾಕ್ಕೆ ಕೊಳವೆಯೊಂದನ್ನು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದ.

ಮಂಚದಿಂದ ಸದ್ದು ಬಂತು. ಇವರು ಇತ್ತ ಹೊರಳಿದ್ದರು. ಎಡಗೈಯನ್ನು ಗಾಳಿಯಲ್ಲಿ ಸುತ್ತುತ್ತ, ಗಂಟಲಲ್ಲಿ ಏನೋ ಅನ್ನುತ್ತಿದ್ದರು.

"ನೀರು ಬೇಕೇನ್ರಿ?" ಎಂದೆ. ತಲೆಯನ್ನು ಸಿಟ್ಟಿನಿಂದ ಅಲ್ಲಾಡಿಸಿದರು.

"ಸುಮ್ನ ಮಲಕೋ ಮೌಲಾ" ಎಂದ ಈರಪ್ಪ, ಅತ್ತ ನೋಡದೆ. "ಇದು ಹಿಂಗ ಕೇಳೂದಿಲ್ಲ. ಸುತ್ತಗಿ ತಗೊಂಡು ಒಡದಬಿಡತೇನಿ." ನಿಜಕ್ಕೂ ಸುತ್ತಿಗೆ ಎತ್ತಿಕೊಂಡ.

ಆಮೇಲೆ ನಡೆದದ್ದನ್ನು ನಾನು ತಡೆಯಲೂ ಇಲ್ಲ, ಆಸರೆ ಕೊಡಲೂ ಇಲ್ಲ, ನಿಂತಲ್ಲೇ ನಿಂತಿದ್ದೆ. ಇವರು ಎಡಗೈಯಿಂದ ಮಂಚದ ಕಾಲು ಹಿಡಿದು ಕೆಳಗಿಳಿದರು. ಗೋಡೆ ಹಿಡಿದು ಎದ್ದು ನಿಂತರು. ಬಲಗಾಲನ್ನು ಒದ್ದೆ ಬಟ್ಟೆಯಂತೆ ಎಳೆಯುತ್ತ ಮುಂದೆ ಬಂದರು, ಸೈಕಲ್ಲಿನ ಪಕ್ಕ ಕುಸಿದು ಕೂತರು. ಈರಪ್ಪನ ಮೊಣಕೈಯನ್ನು ದೂಡಿ, ಪಾನಾ ಹಿಡಿದು, ಅವನು ತಿರುಗಿಸುತ್ತಿದ್ದುದಕ್ಕೆ ವಿರುದ್ಧ ದಿಕ್ಕಿಗೆ ಒತ್ತಿದರು. ಒಂದೇ ಕೈ, ಅದೂ ಎಡಗೈ. ಕುತ್ತಿಗೆಯ ನರ ಉಬ್ಬಿ ಬಂದವು. ಈರಪ್ಪ ತನ್ನ ಅಂಗೈಯನ್ನು ಆ ಕೈಯ ಮೇಲಿಟ್ಟ. 'ಕಟಕ್' ಎಂದು ಕಪ್ಪು ಬಿಟ್ಟುಕೊಂಡಿತು.

ಆ ಸಂಜೆ ಹೊಸ ಕಪ್ಪಿಗೆ ಗ್ರೀಸು ಸವರಿ, ಗುಂಡುಗಳನ್ನು ಒಂದೊಂದಾಗಿ ಕೂಡಿಸಿದವರು ಇವರೇ. ಮರುದಿನದಿಂದ ಅಂಗಡಿಯ ಚಿಂದಿಬಟ್ಟೆಯಿಂದ ಬಲಪಾದವನ್ನು ಪೆಡಲ್ಲಿಗೆ ಕಟ್ಟಿ, ಸೊಂಟ ಹಿಡಿದು ಕೂಡಿಸಿದರೆ, ತುಳಿಯುತ್ತಿದ್ದರು. ಹಿಂದಿನ ಗಾಲಿ ಗಾಳಿಯಲ್ಲಿ ತಿರುಗುತ್ತಿತ್ತು, ಸೈಕಲ್ಲು ಎಲ್ಲಿಗೂ ಹೋಗುತ್ತಿರಲಿಲ್ಲ. ಬದುಕಿದ ಕಾಲು ಸತ್ತ ಕಾಲನ್ನು ಕೆಳಗಿನಿಂದ ಎತ್ತಿ ಮೇಲೆ ತರುವುದನ್ನು ಅಂಗಳದ ಕಟ್ಟೆಗೆ ಕೂತು ನೋಡುತ್ತಿದ್ದ ನನಗೆ, ಸಂಸಾರವೆಂದರೆ ಇದಕ್ಕಿಂತ ದೊಡ್ಡದೇನೂ ಇರಲಾರದು ಅನ್ನಿಸುತ್ತಿತ್ತು. ಯಾರು ಯಾವಾಗ ತುಳಿಯುವ ಕಾಲು, ಯಾರು ಕಟ್ಟಿಸಿಕೊಂಡ ಕಾಲು ಎಂಬುದನ್ನು ಮೊದಲೇ ಯಾರೂ ನಮಗೆ ಹೇಳಿರುವುದಿಲ್ಲ.

ಪೂರ್ತಿ ಗುಣವಾಯಿತೆಂದು ನಾನು ಹೇಳಲಾರೆ. ಬಲಗೈ ಮತ್ತೆ ಕತ್ತರಿ ಹಿಡಿಯಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಆದರೆ ಮುಂದಿನ ಬೇಸಿಗೆಯ ಹೊತ್ತಿಗೆ ಕೋಲೂರಿಕೊಂಡು ಈರಪ್ಪನ ಅಂಗಡಿಯ ತನಕ ನಡೆಯುವಷ್ಟಾದರು, ತಡವರಿಸುತ್ತ ಒಂದೊಂದು ಮಾತೂ ಆಡತೊಡಗಿದರು. ಬಲಗಡೆಯ ಕಪ್ಪಿನ ತಿರುಪು ಉಲ್ಟಾ ಇರುತ್ತದೆ, ಅದು ಸೈಕಲ್ ಬಿಚ್ಚುವವರು ಮೊದಲಿಗೇ ಕಲಿಯುವ ಪಾಠ ಎಂದು ನನಗೆ ತಿಳಿದದ್ದೂ ಆಗಲೇ. ಒಂದು ದಿನ ಶಾಲೆಯಿಂದ ಬರುತ್ತ ಅಂಗಡಿಯ ಮುಂದೆ ನಿಂತೆ. ಇವರು ಬೆಂಚಿನ ಮೇಲೆ ಕೂತಿದ್ದರು, ಈರಪ್ಪ ಯಾವುದೋ ಸೈಕಲ್ಲಿನ ಕಪ್ಪು ಒರೆಸುತ್ತಿದ್ದ.

"ಈರಪ್ಪಾ, ಅವತ್ತು ನೀ ತಪ್ಪು ದಿಕ್ಕಿಗೆ ಯಾಕ ತಿರುವಿದಿ?"

"ಮರ್ತಿತ್ರಿ ಅಕ್ಕಾರ" ಎಂದ. "ವಯಸ್ಸಾತು."

ಇವರು ಅವನನ್ನೇ ನೋಡುತ್ತಿದ್ದರು. ವಾಲಿದ ತುಟಿಯನ್ನು ಪ್ರಯಾಸದಿಂದ ಕೂಡಿಸಿ, "ಸು...ಳ್ಳ" ಎಂದರು.

ಈರಪ್ಪ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಕಪ್ಪು ಆಗಲೇ ಹೊಳೆಯುತ್ತಿತ್ತು. ಆದರೂ ಅದನ್ನು ಒರೆಸುತ್ತಲೇ ಇದ್ದ.